ಹಿತ್ತಲದ ಹಳೆಯ ಮಡಿಗಳು

ಯುಗಾದಿಯು ಸಮೀಪಿಸಿದೊಡನೆ ಮನೆಮನೆಗಳಲ್ಲಿ ಸುಣ್ಣಬಣ್ಣದ ಕೆಲಸವು ಆರಂಭವಾಗುತ್ತದೆ. ಗೋಡೆಗಳ ಕೆಲಸ ತೀರಿತೆಂದರೆ ಗೃಹಸ್ಥನ ದೃಷ್ಟಿಯು ಹಿತ್ತಲದ ಕಡೆಗೆ ಹೊರಳುವುದು ಸ್ವಾಭಾವಿಕವೇ ಸರಿ. ಹತ್ತಿಪ್ಪತ್ತು ವರ್ಷಗಳ ಹಿಂದೆ ಸುತ್ತಲೂ ಕಲ್ಲು ನಿಲ್ಲಿಸಿ ಎತ್ತರಿಸಿದ ಕಾಯಿಪಲ್ಯದ ಮಡಿಗಳು ಅಲ್ಲಿ ವಾಲಿಕೊಂಡಿರುತ್ತವೆ, ಮಣ್ಣು ಬಿರಿದಿರುತ್ತದೆ, ಒಂದೆರಡು ಬದನೆಯ ಗಿಡಗಳು ಹೆಸರಿಗೆ ಮಾತ್ರ ನಿಂತಿರುತ್ತವೆ. ಇವುಗಳನ್ನು ಕಿತ್ತು ಹೊಸದಾಗಿ ಕಟ್ಟುವುದು ಹೇಗೆಂಬ ವಿಚಾರವನ್ನು ಈ ತಿಂಗಳು ಎತ್ತಿಕೊಂಡಿದ್ದೇವೆ. ಅದಕ್ಕೆ ಕಾರಣ ನಮ್ಮದೇ ಒಂದು ತಪ್ಪು.

ಕಕ್ಕೇರಾದ ನಮ್ಮ ಮನೆಯ ಹಿತ್ತಲದಲ್ಲಿ ತೀರ್ಥರೂಪರು ಕಟ್ಟಿಸಿದ ಇಂತಹ ಮಡಿಗಳು ನಾಲ್ಕಿದ್ದವು. ಹೋದ ವರ್ಷ ಚೈತ್ರದಲ್ಲಿ ಮೊದಲನೆಯದನ್ನು ಕೆಡವಿ, ಹಳೆಯ ಮಣ್ಣನ್ನೆಲ್ಲ ಹೊರಗೆ ಚೆಲ್ಲಿಸಿ, ಎರಡು ಅಡಿ ಎತ್ತರದ ಹೊಸ ಮಡಿಯನ್ನು ಕಟ್ಟಿಸಿದೆವು. ತಿಪ್ಪೆಯ ಮೇಲ್ಭಾಗದ ಹಸಿಗೊಬ್ಬರವನ್ನು ತುಂಬಿ, ಮೆಣಸು ಬದನೆಗಳ ಸಸಿಗಳನ್ನು ಹಚ್ಚಿದೆವು. ಅದನ್ನು ನೋಡಿ ನಮ್ಮ ತಾಯಿಯವರು, "ಯಪ್ಪಾ, ಬ್ಯಾಸಿಗ್ಯಾಗ ಗಿಡಾನ ಮಾಳಿಗಿ ಮ್ಯಾಲ ಕುಂದ್ರಸ್ತೀಯೇನು?" ಎಂದರು. ನಾವು ನಕ್ಕು ಸುಮ್ಮನಾದೆವು. ಹದಿನೈದು ದಿನಗಳೊಳಗೆ ಆ ಮಡಿಯು ಬೆಳಗು ಸಂಜೆ ನಾಲ್ಕು ನಾಲ್ಕು ಕೊಡ ನೀರನ್ನು ಕುಡಿಯತೊಡಗಿತು. ಮನೆಯ ಬಳಕೆಯ ನೀರಿಗೇ ಕೊರತೆ ಬಿದ್ದಿತು, ಸಸಿಗಳಂತೂ ಉಳಿಯಲಿಲ್ಲ. ಇತ್ತ ತಾಯಿಯವರು ಗೇಣುದ್ದ ತಗ್ಗು ತೋಡಿ, ಕಾಯಿಪಲ್ಯ ತೊಳೆದ ನೀರನ್ನು ಹರಿಸಿ ಬೆಳೆಸಿದ ಪುಂಡಿಪಲ್ಯ ಮತ್ತು ರಾಜಗಿರಿ ಮಾತ್ರ ಬೇಸಗೆಯುದ್ದಕ್ಕೂ ನಮ್ಮ ರೊಟ್ಟಿಗೆ ಒದಗಿದವು.

ವಿಚಾರಿಸಿ ನೋಡಲಾಗಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಸಂತದಲ್ಲಿ ಏರುಮಡಿಗಳನ್ನು ಹೊಸದು ಮಾಡಿ ಕೂಡಲೇ ಬಿತ್ತುವ ಪದ್ಧತಿಯು ಶೀತದೇಶಗಳದು. ಅಲ್ಲಿ ಚಳಿಗಾಲದ ಹಿಮವು ಕರಗಿ ನೆಲವು ತಣ್ಣಗೆ ಒದ್ದೆಯಾಗಿರುತ್ತದೆ. ಎತ್ತರದ ಮಡಿಯಲ್ಲಿ ನೀರು ಬಸಿದುಹೋಗಿ ಮಣ್ಣು ಬೇಗನೆ ಬೆಚ್ಚಗಾಗುವುದರಿಂದ ಬೀಜಕ್ಕೆ ಅನುಕೂಲ. ನಮ್ಮ ಸುರಪುರ ಶಹಾಪುರದ ಸೀಮೆಯಲ್ಲಿ ವಸಂತವೆಂದರೆ ಬಿಸಿಲು ನಾಲ್ವತ್ತು ಡಿಗ್ರಿಯನ್ನು ದಾಟುವ ಕಾಲ. ಅಲ್ಲಿ ಗುಣವಾದದ್ದೇ ಇಲ್ಲಿ ದೋಷ. ನಾಲ್ಕೂ ಮಗ್ಗುಲಿಗೆ ಬಿಸಿಲು ಗಾಳಿಗಳು ತಾಕಿ ಮಡಿಯು ಒಣಗುತ್ತದೆ. ಆದುದರಿಂದ ಹಳೆಯ ಮಡಿಯನ್ನು ಬಿಚ್ಚುವುದಕ್ಕೆ ಚೈತ್ರವು ತಕ್ಕ ಕಾಲವೇ ಹೊರತು, ಅದನ್ನು ಎತ್ತರಿಸಿ ಸಸಿ ಹಚ್ಚುವುದಕ್ಕೆ ಅಲ್ಲ.

ಕಲ್ಲುಗಳೇಕೆ ವಾಲುತ್ತವೆಂಬುದನ್ನೂ ತಿಳಿಯತಕ್ಕದ್ದು. ಗವಂಡಿಯ ಕೆಲಸವೇ ಕೆಟ್ಟದ್ದೆಂದು ಬಹುಜನರು ದೂರುತ್ತಾರೆ, ನಾವೂ ದೂರಿದ್ದುಂಟು. ಆದರೆ ಎರೆಮಣ್ಣಿನ ಸ್ವಭಾವವೇ ಅಂಥದು. ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಉಬ್ಬಿದಾಗ ಕಲ್ಲನ್ನು ಹೊರಕ್ಕೆ ನೂಕುತ್ತದೆ, ಕುಗ್ಗಿದಾಗ ಅದರ ಬುಡವನ್ನು ಸಡಿಲಿಸುತ್ತದೆ. ಕಲ್ಲಿನ ಕೆಳಗೆ ಅರ್ಧ ಅಡಿ ಕಾಲುವೆ ತೋಡಿ, ಗರಸನ್ನು ತುಂಬಿ ಬಡಿದು, ಶಹಾಬಾದ್ ಕಲ್ಲಿನ ಅರ್ಧದಷ್ಟನ್ನು ನೆಲದೊಳಗೆ ಹೂಳಿ ನಿಲ್ಲಿಸಿದರೆ ಈ ನೂಕಾಟವು ಎಷ್ಟೋ ಕಡಿಮೆಯಾಗುವುದು. ಹಳೆಯ ಕಲ್ಲುಗಳೇ ಸಾಕು. ಹೊಸದಕ್ಕೆ ಹಣ ಸುರಿಯಬೇಕಾಗಿಲ್ಲ. ಮಡಿಯ ಅಗಲವು ನಾಲ್ಕು ಅಡಿಯನ್ನು ಮೀರದಿರಲಿ. ಎರಡೂ ಬದಿಯಿಂದ ಕೈ ಮುಟ್ಟಿದರೆ ಒಳಗೆ ಕಾಲಿಡುವ ಪ್ರಸಂಗವಿಲ್ಲ, ಮಣ್ಣು ತುಳಿತಕ್ಕೆ ಸಿಕ್ಕುವುದಿಲ್ಲ.

ಇನ್ನು ಮಣ್ಣಿನ ಮಾತು. ಹಳೆಯ ಮಣ್ಣನ್ನು ನಾವು ಮಾಡಿದಂತೆ ಚೆಲ್ಲಬಾರದು. ವರ್ಷಗಟ್ಟಲೆ ಹಾಕಿದ ಗೊಬ್ಬರದ ಸತ್ವವು ಅದರಲ್ಲಿಯೇ ಇರುತ್ತದೆ. ಆದರೆ ಮೇಲ್ಮೈಯಲ್ಲಿ ಸುಣ್ಣ ಎರಚಿದಂತೆ ಬಿಳಿಯ ಪದರವು ಕಂಡರೆ ಎಚ್ಚರ ಬೇಕು. ಅದು ಸವಳು. ಕೊಳವೆಬಾವಿಯ ಸವಳುನೀರನ್ನು ಹಾಕುತ್ತ ಹೋದಂತೆ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಕೆಳಗಿನ ತೇವದೊಡನೆಯೂ ಅದು ಮೇಲೇರಿ ಎತ್ತರದ ಮಡಿಯ ನೆತ್ತಿಯಲ್ಲಿಯೇ ಕೂಡುತ್ತದೆ. ೧೯೮೨ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಹೊಲಗಳಿಗೆ ಕಾಲುವೆಯ ನೀರು ಬಂದ ಮೇಲೆ, ನೀರು ಬಸಿಯದ ಕಡೆಗಳಲ್ಲಿ ರೈತರು ಈ ಸವಳು ಜವಳಿನ ಪರಿಚಯವನ್ನು ಚೆನ್ನಾಗಿ ಮಾಡಿಕೊಂಡಿದ್ದಾರೆ. ಹಿತ್ತಲವು ಆ ಹೊಲದ ಸಣ್ಣ ರೂಪವೇ. ಮೇಲಿನ ಎರಡು ಬೆರಳಿನಷ್ಟು ಪದರವನ್ನು ಕೆರೆದು ದೂರ ಹಾಕಿ, ಉಳಿದ ಮಣ್ಣಿನ ಮೇಲೆ ಮಳೆಯ ನೀರು ಹಾಯ್ದು ಕೆಳಗೆ ಬಸಿದುಹೋಗುವಂತೆ ಮಾಡಬೇಕು. ಬಟ್ಟೆ ಒಗೆದ ಸೋಡಾ ನೀರನ್ನಂತೂ ಮಡಿಗೆ ಬಿಡಲೇಬಾರದು.

ಕೆಲವರು ಕೇಳಿದೊಡನೆ ಜಿಪ್ಸಂ ತಂದು ಸುರಿಯುತ್ತಾರೆ. ಮಣ್ಣಿಗೆ ಸೋಡಿಯಂ ಅಂಟಿಕೊಂಡಿದ್ದರೆ ಮಾತ್ರ ಅದರ ಉಪಯೋಗ. ಜಿಪ್ಸಂನ ಕ್ಯಾಲ್ಸಿಯಂ ಆ ಸ್ಥಾನವನ್ನು ಹಿಡಿದು ಸೋಡಿಯಂ ಅನ್ನು ಬಿಡಿಸುತ್ತದೆ, ನೀರು ಅದನ್ನು ಕೆಳಗೆ ಒಯ್ಯುತ್ತದೆ. ಬರಿಯ ಉಪ್ಪಿನ ಸವಳಿಗೆ ಅದು ಬೇಕಿಲ್ಲ. ಯಾವುದೆಂದು ಕಣ್ಣಿನಿಂದ ನಿರ್ಣಯಿಸುವುದು ಕಷ್ಟ. ಮಡಿಯ ಐದಾರು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋ ಆಗುವಷ್ಟನ್ನು ಪರೀಕ್ಷೆಗೆ ಒಯ್ಯುವುದು ಲೇಸು. ಸುರಪುರ ತಾಲೂಕಿನ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಭೀಮರಾಯನಗುಡಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ. ಎಲ್ಲಿ ಹೇಗೆ ಪರೀಕ್ಷೆ ಮಾಡಿಸಬೇಕೆಂಬುದನ್ನು ಅಲ್ಲಿ ವಿಚಾರಿಸಬಹುದು.

ಬಿಚ್ಚಿದ ಮಣ್ಣನ್ನು ಚೈತ್ರ ವೈಶಾಖಗಳಲ್ಲಿ ಬಿಸಿಲಿಗೆ ಬಿಡಿರಿ. ಸ್ವಲ್ಪ ತೋಯಿಸಿ ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಹೊದಿಸಿ ಆರು ವಾರ ಇಟ್ಟರೆ, ಬೇರುಗಂಟಿನ ರೋಗ ತರುವ ಸೂಕ್ಷ್ಮ ಜಂತುಗಳೂ ಕಳೆಯ ಬೀಜಗಳೂ ಬಹುಮಟ್ಟಿಗೆ ಸಾಯುತ್ತವೆ. ಮುಂಗಾರಿನ ಮೊದಲ ಮಳೆಯಾದ ಮೇಲೆ ಚೆನ್ನಾಗಿ ಕಳಿತ, ವಾಸನೆಯಿಲ್ಲದ ತಿಪ್ಪೆಗೊಬ್ಬರವನ್ನು ಮೂರು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿಯಂತೆ ಬೆರೆಸಿ, ಅರ್ಧ ಅಡಿ ಮಾತ್ರ ಎತ್ತರದ ಮಡಿ ಮಾಡಿದರೆ ಸಾಕು. ಮಳೆಗಾಲದಲ್ಲಿ ಎರೆಮಣ್ಣಿನ ಬೇರು ಕೊಳೆಯದಂತೆ ಅಷ್ಟು ಎತ್ತರವು ಕಾಯುತ್ತದೆ. ಬೇಸಗೆಯ ಸೊಪ್ಪಿಗೆ ತಗ್ಗುಮಡಿಯೇ ಇರಲಿ. ಮೇಲೆ ತೊಗರಿಕಟ್ಟಿಗೆಯ ಚಪ್ಪರ, ಬುಡಕ್ಕೆ ಒಂದಿಷ್ಟು ಹುಲ್ಲು.

ಈ ಯುಗಾದಿಗೆ ನಾವು ಎರಡು ಮಡಿಗಳನ್ನು ಬಿಚ್ಚಿ ಹಾಳೆ ಹೊದಿಸಿದ್ದೇವೆ. ಹೋದ ವರ್ಷದ ಎತ್ತರದ ಮಡಿಯನ್ನು ಒಂದೂವರೆ ಅಡಿ ಇಳಿಸಿದ್ದೂ ಆಯಿತು. ನಾಲ್ಕನೆಯದರಲ್ಲಿ ತೀರ್ಥರೂಪರು ಹಚ್ಚಿದ ಕರಿಬೇವಿನ ಗಿಡವಿದೆ. ಈ ಬಿಸಿಲಿನಲ್ಲಿ ಬೇರು ಕಡಿದರೆ ಅದು ತಾಳಲಾರದೆಂದು ತಾಯಿಯವರು ಗುದ್ದಲಿಯನ್ನು ಒಳಗಿಟ್ಟಿದ್ದಾರೆ. ಮಳೆ ಬೀಳುವ ತನಕ ನಾವು ಅದನ್ನು ಮುಟ್ಟುವುದಿಲ್ಲ.