ಗಡ್ಡೆ ಎಲ್ಲಿದೆ ಎಂದು ಕೇಳಿದಿರಾ?

ಈ ಸಲ ಬಂದ ಪತ್ರಗಳಲ್ಲಿ ಒಂದು ನಾಲ್ಕು ಪುಟದ್ದು. ಬರೆದ ಸೋದರಿಗೆ 34 ವರ್ಷ. ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಿಲ್ಲ. ಸ್ಕ್ಯಾನಿಂಗ್ ಮಾಡಿಸಿದಾಗ ಗರ್ಭಕೋಶದಲ್ಲಿ 4 ಸೆಂಟಿಮೀಟರ್ ಗಡ್ಡೆ ಕಂಡಿದೆ. ಒಬ್ಬ ಡಾಕ್ಟರು "ಮೊದಲು ಆಪರೇಷನ್, ಆಮೇಲೆ ಟೆಸ್ಟ್‌ಟ್ಯೂಬ್ ಬೇಬಿ" ಎಂದರಂತೆ. ಇನ್ನೊಬ್ಬರು "ಗಡ್ಡೆ ಇದ್ದರೆ ಇರಲಿ, ವಯಸ್ಸು ಹೋಗ್ತಾ ಇದೆ, ನೇರ ಚಿಕಿತ್ಸೆಗೇ ಬನ್ನಿ" ಎಂದರಂತೆ. ಅತ್ತೆಯವರದು ಮೂರನೆಯ ಮಾತು: "ಗರ್ಭಕೋಶಾನೇ ತೆಗೆಸಿಬಿಡು, ಆ ಕಾಟವೇ ಬೇಡ." ಬಳೆ ಅಡವಿಟ್ಟು ತಂದ ದುಡ್ಡು ಒಂದೇ ಸಲದ ಚಿಕಿತ್ಸೆಗೆ ಸಾಲುತ್ತದೆ, ಯಾರ ಮಾತು ಕೇಳಲಿ ಎಂದು ಬರೆದಿದ್ದಾರೆ.

ಈ ಪ್ರಶ್ನೆ ಅವರೊಬ್ಬರದೇ ಅಲ್ಲವಾದ್ದರಿಂದ ನಿಮಗೆಲ್ಲ ಸೇರಿಸಿಯೇ ಬರೆಯುತ್ತಿದ್ದೇನೆ.

ನಮ್ಮ ಕಡೆ 'ದುರ್ಮಾಂಸ' ಎನ್ನುತ್ತಾರಲ್ಲ, ಅದೇ ಡಾಕ್ಟರರ ಬಾಯಲ್ಲಿ ಫೈಬ್ರಾಯ್ಡ್. ಹೆಸರು ಕೇಳಿದರೇ ಎದೆ ಧಸಕ್ಕೆನ್ನುತ್ತದೆ. ಗರ್ಭಕೋಶದ ಸ್ನಾಯುವೇ ಒಂದು ಕಡೆ ಗಂಟುಕಟ್ಟಿ ಬೆಳೆದದ್ದು ಅದು, ಅಷ್ಟೆ. ಅದು ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ಒಳಗೆ ಗಡ್ಡೆ ಇರುವುದೇ ತಿಳಿಯದೆ ಎರಡು ಮೂರು ಮಕ್ಕಳನ್ನು ಹೆತ್ತವರು ಬೇಕಾದಷ್ಟು ಜನ ಇದ್ದಾರೆ.

ಹಾಗಾದರೆ ಕೆಲವರಿಗೇಕೆ ತೊಂದರೆ? ಗರ್ಭಕೋಶವನ್ನು ದಪ್ಪ ಗೋಡೆಯ ಪುಟ್ಟ ಕೋಣೆ ಅಂದುಕೊಳ್ಳಿ. ಗಡ್ಡೆ ಗೋಡೆಯ ಹೊರಮೈಯಲ್ಲಿದ್ದರೆ ಒಳಗೆ ಬಂದು ಕೂರುವ ಭ್ರೂಣಕ್ಕೆ ಅದರ ಗೊಡವೆಯೇ ಇಲ್ಲ. ಅದಕ್ಕಾಗಿ ಹೊಟ್ಟೆ ಕೊಯ್ಯಿಸಿಕೊಂಡರೆ ಬಸಿರಾಗುವ ಸಂಭವ ಹೆಚ್ಚುವುದಿಲ್ಲ. ಗಡ್ಡೆ ಕೋಣೆಯೊಳಕ್ಕೇ ಉಬ್ಬಿಕೊಂಡಿದ್ದರೆ ಮಾತು ಬೇರೆ. ನಿಂಬೆಹಣ್ಣಿಗಿಂತ ಚಿಕ್ಕದಾಗಿದ್ದರೂ ಅದು ಭ್ರೂಣ ಅಂಟಿಕೊಳ್ಳುವ ಒಳಪದರವನ್ನು ಕೆಡಿಸುತ್ತದೆ, ಗರ್ಭಪಾತದ ಸಂಭವವನ್ನೂ ಹೆಚ್ಚಿಸುತ್ತದೆ. ಇಂಥದನ್ನು ಚಿಕಿತ್ಸೆಗೆ ಮುಂಚೆ ತೆಗೆಸಿಕೊಳ್ಳುವುದೇ ಒಳ್ಳೆಯದು. ಸಾಮಾನ್ಯವಾಗಿ ಹೊಟ್ಟೆ ಕೊಯ್ಯುವುದೂ ಬೇಡ. ಕೆಳಗಿನಿಂದಲೇ ದುರ್ಬೀನಿನಂಥ ನಳಿಗೆ ತೂರಿಸಿ ತೆಗೆಯುತ್ತಾರೆ. ಬಹಳ ಮಂದಿ ಅದೇ ದಿನವೋ ಮಾರನೆಯ ದಿನವೋ ಮನೆಗೆ ಹೋಗುತ್ತಾರೆ.

ಇನ್ನು ಗೋಡೆಯ ನಡುವೆಯೇ ಹುದುಗಿಕೊಂಡದ್ದು. ಡಾಕ್ಟರರಲ್ಲಿ ಭಿನ್ನಾಭಿಪ್ರಾಯ ಇರುವುದು ಇಲ್ಲಿಯೇ. 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ 2010ರಲ್ಲಿ ಪ್ರಕಟವಾಯಿತು. ಒಳಕೋಣೆಯನ್ನು ಮುಟ್ಟದೆ ಗೋಡೆಯಲ್ಲೇ ಇರುವ ಗಡ್ಡೆಯವರಿಗೆ ಟೆಸ್ಟ್‌ಟ್ಯೂಬ್ ಚಿಕಿತ್ಸೆಯಲ್ಲಿ ಮಗು ಹುಟ್ಟುವ ಸಂಭವ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ ಎಂದು ಅದರಲ್ಲಿ ಕಂಡಿತು. ಅಂದರೆ, ಗಡ್ಡೆಯಿಲ್ಲದ ನೂರು ಜನರಲ್ಲಿ 30 ಮಂದಿಗೆ ಮಗುವಾಗುವ ಕಡೆ, ಗಡ್ಡೆಯಿರುವವರಲ್ಲಿ 24 ಮಂದಿಗೆ ಆದೀತು. ಸರಿ, ಹಾಗಿದ್ದರೆ ತೆಗೆಸಿಬಿಡೋಣ ಎನ್ನುತ್ತೀರಿ. ತೆಗೆಸಿದ ಮಾತ್ರಕ್ಕೆ ಆ ಆರು ಮಂದಿಯ ಪಾಲು ಮರಳಿ ಬರುತ್ತದೆಂಬುದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲವಲ್ಲ! ಗೋಡೆ ಕೊಯ್ದು ಹೊಲಿದ ಮೇಲೆ ಗಾಯ ಮಾಯಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಕಾಯಬೇಕು. ಮುಂದೆ ಹೆರಿಗೆಯೂ ಸಿಸೇರಿಯನ್ ಆಗುವುದೇ ಹೆಚ್ಚು. ಮೂವತ್ತೈದು ದಾಟಿದ ಮೇಲೆ ಅಂಡಾಣುಗಳ ಸಂಖ್ಯೆಯೂ ಕಸುವೂ ಬೇಗ ಬೇಗ ಇಳಿಯುತ್ತವೆ, ಅವು ನಮ್ಮ ಆಪರೇಷನ್ ಮುಗಿಯಲಿ ಎಂದು ಕಾಯುವುದಿಲ್ಲ. ಅದಕ್ಕೇ ಕೆಲವು ಕಡೆ ಮೊದಲು ಭ್ರೂಣ ಮಾಡಿ ಶೈತ್ಯದಲ್ಲಿಟ್ಟು, ಆಮೇಲೆ ಗಡ್ಡೆ ತೆಗೆಯುವುದೂ ಉಂಟು. ಆದರೆ ಮುಟ್ಟಿನಲ್ಲಿ ರಕ್ತ ವಿಪರೀತ ಹೋಗುತ್ತಿದ್ದರೆ, ಗಡ್ಡೆ ತುಂಬ ದೊಡ್ಡದಾಗಿದ್ದರೆ, ತೆಗೆಸುವ ಕಡೆಗೇ ತಕ್ಕಡಿ ತೂಗುತ್ತದೆ.

'ಕರಗಿಸುವ ಔಷಧಿ' ಎಂದು ದುಡ್ಡು ಸುರಿಯಬೇಡಿ. ಕುಗ್ಗಿಸುವ ಇಂಜೆಕ್ಷನ್ ಇದೆ, ನಿಜ. ಅದನ್ನು ತೆಗೆದುಕೊಳ್ಳುವಷ್ಟು ದಿನ ಬಸಿರಾಗುವಂತಿಲ್ಲ, ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ. ಆಪರೇಷನ್‌ಗೆ ಮುಂಚೆ ಸ್ವಲ್ಪ ದಿನಕ್ಕೆ ಮಾತ್ರ ಅದರ ಉಪಯೋಗ.

ಅತ್ತೆಯವರ ಸಲಹೆಯ ಬಗ್ಗೆ ಹೇಳಲೇಬೇಕು. ಮಗು ಬೇಕೆನ್ನುವವಳು ಗರ್ಭಕೋಶವನ್ನೇ ತೆಗೆಸುವುದೆಂದರೇನು? ಅಷ್ಟೆಲ್ಲ ಬೇಡ, ಮಕ್ಕಳಾದವರಿಗೂ ಸಣ್ಣ ಗಡ್ಡೆಗೆ ಗರ್ಭಕೋಶವನ್ನೇ ತೆಗೆಯುವುದು ನಮ್ಮ ದೇಶದಲ್ಲಿ ಎಷ್ಟು ಹೆಚ್ಚಿತೆಂದರೆ, ಅನಗತ್ಯ ಆಪರೇಷನ್ ತಡೆಯಲು 2022ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಮಾರ್ಗಸೂಚಿ ಹೊರಡಿಸಬೇಕಾಯಿತು.

ಈಗ ಪತ್ರ ಬರೆದ ಸೋದರಿಗೆ ಎರಡು ಮಾತು. ಆ ಇಬ್ಬರು ಡಾಕ್ಟರರಲ್ಲಿ ಯಾರು ಸರಿ ಎಂದು ನಿಮ್ಮ ಪತ್ರದಿಂದ ಹೇಳಲಾರೆ. 4 ಸೆಂಟಿಮೀಟರ್ ಎಂದು ಬರೆದಿದ್ದೀರಿ, ಎಲ್ಲಿದೆ ಎಂದು ಬರೆದಿಲ್ಲ. ರಿಪೋರ್ಟು ತೆಗೆದುಕೊಂಡು ಹೋಗಿ, "ಒಳಪದರವನ್ನು ಮುಟ್ಟಿದೆಯೇ, ಇಲ್ಲವೇ?" ಎಂದು ಕೇಳಿ. ಸ್ಪಷ್ಟವಾಗದಿದ್ದರೆ ಒಳಗೆ ಉಪ್ಪುನೀರು ಬಿಟ್ಟು ಮಾಡುವ ಸ್ಕ್ಯಾನಿಂಗ್ ಇದೆ, ಅದರಲ್ಲಿ ತಿಳಿಯುತ್ತದೆ. ಹಾಗೆಯೇ ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣಾಂಶದ ಮಾತ್ರೆ ಈಗಲೇ ಶುರುವಾಗಲಿ.

ಇನ್ನೊಂದು ವಿಷಯ. ನಾಲ್ಕು ಪುಟದಲ್ಲಿ ನಿಮ್ಮ ಸ್ಕ್ಯಾನಿಂಗ್, ನಿಮ್ಮ ರಕ್ತಪರೀಕ್ಷೆ, ನಿಮ್ಮ ಹರಕೆ ಎಲ್ಲ ಇದೆ. ಯಜಮಾನರ ವೀರ್ಯಪರೀಕ್ಷೆ ಮಾಡಿಸಿದ ಮಾತು ಎಲ್ಲೂ ಕಾಣಲಿಲ್ಲ. ಬಳೆಯ ದುಡ್ಡು ಖರ್ಚಾಗುವ ಮುಂಚೆ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.