ಗುಟ್ಟಾಗಿ ಅಂಕ ಹಾಕುವ ಕಾರು



ಪರೀಕ್ಷೆಗೆ ಒಂದು ಧರ್ಮವಿದೆ. ಯಾವ ದಿನ, ಯಾವ ವಿಷಯದ ಪರೀಕ್ಷೆ ಎಂಬುದು ವಿದ್ಯಾರ್ಥಿಗೆ ಮೊದಲೇ ತಿಳಿದಿರಬೇಕು. ಹಾಕಿದ ಅಂಕ ಎಲ್ಲರಿಗಿಂತ ಮುಂಚೆ ಅವನ ಕೈಗೆ ಬರಬೇಕು. ಅನ್ಯಾಯವಾಗಿದೆ ಎನಿಸಿದರೆ ಕೇಳಲು ಒಂದು ದಾರಿಯಿರಬೇಕು. ಈ ಕಾರಣಕ್ಕೇ ಇಂದು ಎಸ್ಸೆಸ್ಸೆಲ್ಸಿ ಬರೆದ ಹುಡುಗ ಶುಲ್ಕ ಕಟ್ಟಿ ತನ್ನ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿಕೊಳ್ಳಬಹುದು, ಮರುಮೌಲ್ಯಮಾಪನವನ್ನೂ ಕೇಳಬಹುದು. ಮೂರು ದಶಕಕ್ಕೂ ಮಿಕ್ಕಿ ಉತ್ತರಪತ್ರಿಕೆ ತಿದ್ದಿದ ನನಗೆ ಈ ಮೂರು ನಿಯಮಗಳು ಬಹಳ ದೊಡ್ಡವು. ನಿಮ್ಮಲ್ಲಿ ಅನೇಕರ ಮನೆಯ ಮುಂದೆ ನಿಂತಿರುವ ಹೊಸ ಕಾರು ಈ ಮೂರನ್ನೂ ಮುರಿಯಬಲ್ಲದು ಎಂಬುದೇ ಈ ಬರಹದ ತಕರಾರು.

ಈ ಸಲದ ಹಬ್ಬಕ್ಕೆ ಬೆಂಗಳೂರಿನಿಂದ ಮಾಯಸಂದ್ರಕ್ಕೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲು ತೆರೆದು, "ಸಾರ್, ನೋಡಿ, ನನ್ನ ಡ್ರೈವಿಂಗಿಗೆ ಕಾರೇ 78 ಅಂಕ ಕೊಟ್ಟಿದೆ" ಎಂದು ಹೆಮ್ಮೆಯಿಂದ ತೋರಿಸಿದ. ಫಸ್ಟ್ ಕ್ಲಾಸೇ ಆಯಿತಲ್ಲ, ಸಂತೋಷ ಎಂದೆ. ಉಳಿದ 22 ಅಂಕ ಎಲ್ಲಿ ಹೋಯಿತಪ್ಪಾ ಎಂದು ಕೇಳಿದೆ. ಗೊತ್ತಿಲ್ಲ ಎಂದ. ಈ ಅಂಕಪಟ್ಟಿಯ ಪ್ರತಿ ಇನ್ನು ಯಾರ ಯಾರ ಬಳಿ ಇದೆ ಎಂದು ಕೇಳಿದೆ. ಅದಕ್ಕೂ ಅವನಲ್ಲಿ ಉತ್ತರವಿರಲಿಲ್ಲ. ತರಗತಿಯಲ್ಲಿ ಅರ್ಧ ಅಂಕಕ್ಕೂ ನನ್ನ ಮೇಜಿನ ಬಳಿ ನಿಂತು ವಾದಿಸುತ್ತಿದ್ದ ಹುಡುಗ ಅವನು!

ಕಾರಿನೊಳಗೆ ನಡೆಯುವುದೇನೆಂದು ಸರಳವಾಗಿ ಹೇಳುತ್ತೇನೆ. ಇಂದಿನ ಕಾರಿನ ಬ್ರೇಕು, ಸ್ಟಿಯರಿಂಗ್, ಎಂಜಿನ್, ಸೀಟ್ ಬೆಲ್ಟುಗಳಿಗೆಲ್ಲ ಸೆನ್ಸರ್‌ಗಳಿವೆ. ಅವು ಕೊಡುವ ಲೆಕ್ಕವನ್ನು ಸಣ್ಣ ಗಣಕಗಳು ಕ್ಷಣಕ್ಷಣಕ್ಕೂ ಓದುತ್ತಿರುತ್ತವೆ. ಗಾಡಿ ಸರಿಯಾಗಿ ಓಡಲು ಅದು ಬೇಕು, ತಕರಾರಿಲ್ಲ. ಹೊಸದೇನೆಂದರೆ, ಈ ಕಾರುಗಳಲ್ಲಿ ಒಂದು ಸಿಮ್ ಕೂಡ ಇರುತ್ತದೆ. ಉಪಗ್ರಹದ ನೆರವಿನಿಂದ ಗುರುತಿಸಿದ ಸ್ಥಳ, ವೇಗ, ಹೊತ್ತು, ಬ್ರೇಕು ಹಾಕಿದ ರೀತಿ ಎಲ್ಲವೂ ಅದರ ಮೂಲಕ ಕಂಪನಿಯ ಗಣಕಕ್ಕೆ ಹೋಗಬಲ್ಲವು. ನಮ್ಮ ದೇಶದಲ್ಲಿ ಈ ಬಗೆಯ ಕಾರುಗಳು ಮಧ್ಯಮವರ್ಗದ ಕೈಗೆ ಬಂದದ್ದು 2019ರಲ್ಲಿ. ಆ ವರ್ಷ ಹ್ಯುಂಡೈ ವೆನ್ಯೂ, ಎಂಜಿ ಹೆಕ್ಟರ್, ಕಿಯಾ ಸೆಲ್ಟೋಸ್ ಒಂದರ ಹಿಂದೆ ಒಂದು ಬಂದವು. 'ಇಂಟರ್‌ನೆಟ್ ಇರುವ ಕಾರು' ಎಂಬುದೇ ಆಗ ಜಾಹೀರಾತಾಗಿತ್ತು. ಇಂಟರ್‌ನೆಟ್ಟಿನಲ್ಲಿ ಬರುವ ದಾರಿಯಂತೆ ಹೋಗುವ ದಾರಿಯೂ ಇರುತ್ತದೆ ಎಂಬುದು ಯಾವ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿ ಇರಲಿಲ್ಲ.

ಇದೆಲ್ಲ ಮೇಷ್ಟರ ಕಲ್ಪನೆ ಎನ್ನುವವರಿಗಾಗಿ ಅಮೆರಿಕದ ಒಂದು ಪ್ರಕರಣ ಹೇಳುತ್ತೇನೆ. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜನರಲ್ ಮೋಟಾರ್ಸ್ ಕಂಪನಿಯ ವ್ಯವಹಾರವೊಂದನ್ನು ಬಯಲಿಗೆಳೆಯಿತು. 2017ರವರೆಗೆ ನಮ್ಮ ರಸ್ತೆಗಳಿಗೂ ಷೆವ್ರೊಲೆ ಕಾರು ಮಾರಿದ ಕಂಪನಿ ಅದು. ಚಾಲಕರು ಎಷ್ಟು ಸಲ ಜೋರಾಗಿ ಬ್ರೇಕು ಒತ್ತಿದರು, ಎಷ್ಟು ವೇಗವಾಗಿ ಹೋದರು, ತಡರಾತ್ರಿ ಓಡಾಡಿದರೇ ಎಂಬ ಲೆಕ್ಕ ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಎಂಬ ಮಾಹಿತಿ ವ್ಯಾಪಾರಿಗಳ ಕೈಸೇರುತ್ತಿತ್ತು. ಅಲ್ಲಿಂದ ವಿಮಾ ಕಂಪನಿಗಳಿಗೆ ತಲುಪುತ್ತಿತ್ತು. ವಿಮೆಯ ಕಂತು ಏಕಾಏಕಿ ಏರಿದ್ದೇಕೆಂದು ತಿಳಿಯಲು ತನ್ನ ಕಡತ ತರಿಸಿಕೊಂಡ ಗ್ರಾಹಕನೊಬ್ಬನಿಗೆ 258 ಪುಟಗಳ ವರದಿ ಸಿಕ್ಕಿತು. ಆರು ತಿಂಗಳ 640 ಪ್ರಯಾಣಗಳು, ಹೊರಟ ಹೊತ್ತು, ನಿಂತ ಹೊತ್ತು, ದೂರ ಎಲ್ಲವೂ ಅದರಲ್ಲಿದ್ದವು. 2024ರ ಆಗಸ್ಟ್‌ನಲ್ಲಿ ಟೆಕ್ಸಾಸ್ ರಾಜ್ಯ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಕಾರು ಇರುವ ಸ್ಥಳವನ್ನು ಕೆಲವೊಮ್ಮೆ ಮೂರು ಸೆಕೆಂಡಿಗೊಮ್ಮೆ ದಾಖಲಿಸಲಾಗುತ್ತಿತ್ತು ಎಂದು ಆರೋಪಿಸಿತು. ಇಂತಹ ವ್ಯಾಪಾರಿಗಳಿಗೆ ಕಂಪನಿಯು ಐದು ವರ್ಷ ಈ ಮಾಹಿತಿ ಕೊಡಕೂಡದೆಂಬ ಕ್ರಮವನ್ನೂ ಪ್ರಕಟಿಸಿತು.

ಒಂದು ಕಂಪನಿ ಕೆಟ್ಟದ್ದೆಂದು ಉಳಿದವುಗಳನ್ನು ದೂರುವುದೇಕೆ ಎಂದು ಕೇಳಬಹುದು. ಮೊಜಿಲ್ಲಾ ಪ್ರತಿಷ್ಠಾನವು 2023ರಲ್ಲಿ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನಿಯಮಗಳನ್ನು ಪರಿಶೀಲಿಸಿತು. ಇಪ್ಪತ್ತೈದಕ್ಕೆ ಇಪ್ಪತ್ತೈದೂ ನಪಾಸು! ನಮ್ಮ ಶಾಲೆಯಲ್ಲಿ ಇಂತಹ ಫಲಿತಾಂಶ ಬಂದಿದ್ದರೆ ಮರುದಿನವೇ ಡಿಡಿಪಿಐ ಕಚೇರಿಯಿಂದ ನೋಟೀಸು ಬರುತ್ತಿತ್ತು. ಮಾರದೆ ಕೂಡಿಟ್ಟುಕೊಂಡರೂ ಅಪಾಯ ತಪ್ಪದು. ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು ಎಂಟು ಲಕ್ಷ ವಿದ್ಯುತ್ ಕಾರುಗಳ ಮಾಹಿತಿ ಅಂತರ್ಜಾಲದಲ್ಲಿ ಬೀಗವಿಲ್ಲದೆ ಬಿದ್ದಿತ್ತೆಂದು 2024ರ ಡಿಸೆಂಬರ್‌ನಲ್ಲಿ ಜರ್ಮನಿಯ ಡೇರ್ ಷ್ಪೀಗೆಲ್ ಪತ್ರಿಕೆ ವರದಿ ಮಾಡಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾರುಗಳು ನಿಂತ ಜಾಗವನ್ನು ನಿಖರವಾಗಿ ಗುರುತಿಸಬಹುದಾಗಿತ್ತು.

ಇನ್ನು ನಮ್ಮ ಸೀಮೆಗೆ ಬರೋಣ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈನಲ್ಲಿ ಮೋಟಾರು ವಿಮೆಗೆ ಎರಡು ಬಗೆಯ ಹೊಸ ಸೇರ್ಪಡೆಗಳಿಗೆ ಅನುಮತಿ ಕೊಟ್ಟಿತು. ಒಂದು, ಓಡಿಸಿದಷ್ಟು ಕಟ್ಟು. ಇನ್ನೊಂದು, ಓಡಿಸಿದ ಹಾಗೆ ಕಟ್ಟು. ಎರಡೂ ಐಚ್ಛಿಕ, ಬೇಕಾದವರು ತೆಗೆದುಕೊಳ್ಳಬಹುದು. ಮೊದಲನೆಯದರಲ್ಲಿ ನ್ಯಾಯವಿದೆ. ವರ್ಷಕ್ಕೆ ನಾಲ್ಕು ಸಲ ತಿಪಟೂರಿಗೆ ಹೋಗಿಬರುವ ನನ್ನಂಥವನು ದಿನಾ ಬೆಂಗಳೂರಿಗೆ ಓಡುವವನಷ್ಟೇ ಕಂತು ಏಕೆ ಕಟ್ಟಬೇಕು? ನನ್ನ ಭಯ ಎರಡನೆಯದರದ್ದು. 'ಓಡಿಸಿದ ಹಾಗೆ' ಎಂಬುದನ್ನು ಅಳೆಯುವವರು ಯಾರು, ಯಾವ ಅಳತೆಗೋಲಿನಿಂದ?

ನಮ್ಮ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರಸ್ತೆಗಳನ್ನು ನೆನಪಿಸಿಕೊಳ್ಳಿ. ಸುಗ್ಗಿಯಲ್ಲಿ ಹುರುಳಿಯನ್ನೋ ರಾಗಿಯನ್ನೋ ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡಿರುತ್ತಾರೆ. ತಿರುವಿನಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರ್ ದೀಪವಿಲ್ಲದೆ ನಿಂತಿರುತ್ತದೆ. ಬಣ್ಣ ಬಳಿಯದ ಹಂಪು ಕತ್ತಲಲ್ಲಿ ಕಾಣುವುದಿಲ್ಲ. ತೋಟದ ಬೇಲಿ ನುಸುಳಿ ಕರುವೊಂದು ಚಂಗನೆ ರಸ್ತೆಗೆ ಹಾರುತ್ತದೆ. ಆಗ ಗಕ್ಕನೆ ಬ್ರೇಕು ಒತ್ತುವವನೇ ಒಳ್ಳೆಯ ಚಾಲಕ. ಆದರೆ ಬ್ರೇಕಿನ ರಭಸವನ್ನಷ್ಟೇ ಎಣಿಸುವ ಯಂತ್ರದ ಲೆಕ್ಕದಲ್ಲಿ ಅದು ಒಂದು ದೋಷ. ಕರು ಉಳಿಯಿತೆಂಬುದಕ್ಕೆ ಆ ಲೆಕ್ಕದಲ್ಲಿ ಕಲಮೇ ಇಲ್ಲ. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟು ಬಂತೆಂದು ತೋಟಕ್ಕೆ ಮೋಟರು ಹಾಕಲು ಹೋಗುವವನು, ಹೆರಿಗೆ ನೋವೆಂದು ಸೊಸೆಯನ್ನು ಸರಿರಾತ್ರಿಯಲ್ಲಿ ಆಸ್ಪತ್ರೆಗೆ ಕರೆದೊಯ್ಯುವವನು, ಕುಡಿದು ಸುತ್ತಾಡುವವನು, ಮೂವರೂ ಅದಕ್ಕೆ ಒಂದೇ: ತಡರಾತ್ರಿಯ ಚಾಲಕ. ಉತ್ತರ ಮಾತ್ರ ನೋಡಿ, ಲೆಕ್ಕ ಮಾಡಿದ ಕ್ರಮ ನೋಡದೆ ಅಂಕ ಹಾಕುವ ಮೇಷ್ಟರನ್ನು ನೀವು ಏನೆಂದು ಕರೆಯುತ್ತಿದ್ದಿರಿ ಎಂಬುದು ನನಗೂ ಗೊತ್ತು.

ಮತ್ತೊಂದು ಸಂಗತಿ ಇನ್ನೂ ಸೂಕ್ಷ್ಮವಾದದ್ದು; ಅದು ನಮ್ಮ ಮನೆಗಳ ಒಳಗಿನದು. ಇಂತಹ ಕಾರುಗಳ ಆ್ಯಪ್‌ಗಳಲ್ಲಿ ಒಂದು ಸೌಲಭ್ಯವಿರುತ್ತದೆ. ಭೂಪಟದ ಮೇಲೆ ಗೆರೆ ಎಳೆದಿಟ್ಟರೆ, ಕಾರು ಆ ಗೆರೆ ದಾಟಿದ ಕೂಡಲೇ ಮೊಬೈಲಿಗೆ ಸಂದೇಶ ಬರುತ್ತದೆ. ಕಳ್ಳರಿಂದ ಕಾರು ಉಳಿಸಲು ಒಳ್ಳೆಯದೇ. ಆದರೆ ಕಾರು ಗಂಡನ ಹೆಸರಿನಲ್ಲಿದ್ದು ಓಡಿಸುವವಳು ಹೆಂಡತಿಯಾದರೆ? ಅವಳು ತವರಿಗೆ ಹೋದಳೋ, ಗೆಳತಿಯ ಮನೆಗೆ ಹೋದಳೋ, ವಕೀಲರ ಬಳಿ ಹೋದಳೋ, ಎಲ್ಲವೂ ಅವನ ಅಂಗೈಯಲ್ಲಿ. ನಮ್ಮ ಸಂಬಂಧಿಕರ ಮನೆಯೊಂದರಲ್ಲಿ ಹಿರಿಯರೊಬ್ಬರು ತಮ್ಮ ಹಳೆಯ ಗೆಳೆಯನಿಗೆ ಗುಟ್ಟಾಗಿ ಸಾಲ ಕೊಡಲು ನೊಣವಿನಕೆರೆಗೆ ಹೋಗಿ ಬಂದದ್ದು, ಅವರು ಮನೆ ಸೇರುವ ಮುನ್ನವೇ ಬೆಂಗಳೂರಿನ ಮಗನಿಗೆ ತಿಳಿದು, ಫೋನಿನಲ್ಲಿ ವಿಚಾರಣೆ ನಡೆಯಿತು. ಎಪ್ಪತ್ತು ದಾಟಿದ ಮನುಷ್ಯ, ತನ್ನ ಸ್ವಂತ ದುಡ್ಡು. ಮಗನಿಗೆ ಕೆಟ್ಟ ಉದ್ದೇಶವಿರಲಿಲ್ಲ. "ಅಪ್ಪನ ಕ್ಷೇಮಕ್ಕಾಗಿ" ಎಂದ. ಕ್ಷೇಮದ ಹೆಸರಿನಲ್ಲಿ ಕಸಿದುಕೊಳ್ಳುವುದು ಸುಲಭ, ಮಕ್ಕಳೇ, ಏಕೆಂದರೆ ಯಾರೂ ಎದುರಾಡುವುದಿಲ್ಲ.

"ತಪ್ಪು ಮಾಡದವನಿಗೆ ಮುಚ್ಚಿಡುವುದೇನಿದೆ?" ಇದು ನಾನು ಅತಿ ಹೆಚ್ಚು ಕೇಳುವ ಮಾತು. ಖಾಸಗಿತನ ಪಟ್ಟಣದವರ ಶೋಕಿ, ಹಳ್ಳಿಯಲ್ಲಿ ಎಲ್ಲರ ಮನೆಯ ಸಾರಿನ ಘಮ ಎಲ್ಲರಿಗೂ ಗೊತ್ತು ಎಂದೂ ಹೇಳುತ್ತಾರೆ. ಅಂಥವರನ್ನು ನಮ್ಮ ದನಗಳ ಜಾತ್ರೆಗೆ ಕರೆದೊಯ್ಯಬೇಕು. ಅಲ್ಲಿ ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟುವುದನ್ನು ನೀವೆಲ್ಲ ಚಿಕ್ಕಂದಿನಲ್ಲಿ ಬೆರಗಿನಿಂದ ನೋಡಿದ್ದೀರಿ. ಆ ಟವೆಲಿನ ಕೆಳಗೆ ನಡೆಯುವುದು ಕಳ್ಳತನವಲ್ಲ. ಇಬ್ಬರ ನಡುವಿನ ವ್ಯವಹಾರ ಮೂರನೆಯವನಿಗೆ ತಿಳಿದರೆ, ಅವನು ಅದರ ಲಾಭ ಪಡೆಯುತ್ತಾನೆ ಎಂಬ ಅನುಭವ ಅದು. ಓದುಬರಹ ಅರಿಯದ ರೈತನಿಗೂ ತಿಳಿದಿದ್ದ ಈ ಮರೆಯ ಬೆಲೆ, ಎಂಜಿನಿಯರಿಂಗ್ ಓದಿದವರಿಗೆ ತಿಳಿಯದೇ ಹೋದರೆ ಹೇಗೆ?

ಸರ್ಕಾರ ಇದೆಯಲ್ಲ, ಕಾಯುತ್ತದೆ ಎನ್ನುವಂತೆಯೂ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯವು 2019ರಲ್ಲಿ ವಾಹನ ನೋಂದಣಿ ಹಾಗೂ ಚಾಲನಾ ಪರವಾನಗಿಗಳ ಮಾಹಿತಿಯನ್ನು ಸಗಟಾಗಿ ಮಾರುವ ನೀತಿಯನ್ನೇ ರೂಪಿಸಿತ್ತು. ಕಂಪನಿಗಳಿಗೆ ವರ್ಷಕ್ಕೆ 3 ಕೋಟಿ ರೂಪಾಯಿ ದರ. 87 ಖಾಸಗಿ ಕಂಪನಿಗಳಿಗೆ ಪ್ರವೇಶ ನೀಡಲಾಗಿದೆ, 65 ಕೋಟಿ ರೂಪಾಯಿ ಆದಾಯ ಬಂದಿದೆ ಎಂದು ಆ ವರ್ಷದ ಜುಲೈನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ನಾವು ಆರ್.ಟಿ.ಓ. ಕಚೇರಿಯಲ್ಲಿ ಸಾಲು ನಿಂತು ಕೊಟ್ಟ ವಿವರ ಅದು. ಖಾಸಗಿತನದ ಪ್ರಶ್ನೆ ಎದ್ದ ಮೇಲೆ 2020ರಲ್ಲಿ ಆ ನೀತಿಯನ್ನು ಕೈಬಿಡಲಾಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಆದರೂ ನಾವು ಬರಿಗೈಯಲ್ಲಿಲ್ಲ. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತೈದು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅವರು 2024ರಲ್ಲಿ ತೀರಿಕೊಂಡರು. ನಿವೃತ್ತಿಯ ನಂತರ ಮನುಷ್ಯ ಏನು ಮಾಡಬಹುದು ಎಂಬುದಕ್ಕೆ ಅವರು ನನಗೆ ಆದರ್ಶ.

ಆ ತೀರ್ಪಿನ ಬಳಿಕ ಬಂದದ್ದೇ 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಭಾಗಗಳ ಜಾರಿಗೆ ಹದಿನೆಂಟು ತಿಂಗಳ ಗಡುವು ಕೊಡಲಾಗಿದೆ. ಕೇಂದ್ರ ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳಲು ಅದರಲ್ಲಿ ಅವಕಾಶವಿರುವುದು ದೊಡ್ಡ ಕೊರತೆಯೇ ಸರಿ. ಆದರೆ ಅದರಲ್ಲಿರುವ ಎರಡು ಅಂಶಗಳು ನಮಗೆ ಆಯುಧ. ಒಂದು, ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲು ಸಾಧ್ಯವಿರಬೇಕು. ಇನ್ನೊಂದು, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ನಮಗಿರಬೇಕು. ಆ ಪಟ್ಟಿಯಲ್ಲಿ ಕನ್ನಡವಿದೆ!

ಇದು ಸಣ್ಣ ಮಾತಲ್ಲ. "ನೀವೇ ಒಪ್ಪಿಗೆ ಒತ್ತಿದ್ದೀರಲ್ಲ" ಎಂಬುದೇ ಕಂಪನಿಗಳ ಗುರಾಣಿ. ಷೋರೂಮಿನಲ್ಲಿ ಕೀಲಿ ಕೈ ಕೊಟ್ಟು, ಹಾರ ಹಾಕಿ, ಫೋಟೋ ತೆಗೆಯುವ ಗಡಿಬಿಡಿಯಲ್ಲಿ, ಹತ್ತಾರು ಪುಟಗಳ ಇಂಗ್ಲಿಷ್ ಕರಾರಿನ ಕೆಳಗೆ ಹುಡುಗನೊಬ್ಬ ನಮ್ಮ ಬೆರಳಿನಿಂದ ಒತ್ತಿಸಿಕೊಳ್ಳುವುದನ್ನು ಒಪ್ಪಿಗೆ ಎಂದು ಕರೆಯುವುದು ಭಾಷೆಗೆ ಮಾಡುವ ಅವಮಾನ. ಹಿಂದೆ ಸಾಹುಕಾರರು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರು. ಆ ಕಾಗದದಲ್ಲಿ ಅಕ್ಷರವಿರಲಿಲ್ಲ; ಇದರಲ್ಲಿ ಅಕ್ಷರ ಹೆಚ್ಚಾಗಿದೆ, ಅಷ್ಟೇ ವ್ಯತ್ಯಾಸ.

ಕಾರಿಗೆ ಸಿಮ್ ಬೇಡ ಎಂದು ನಾನು ಹೇಳುತ್ತಿಲ್ಲ. ಅಪಘಾತವಾದಾಗ ತಾನೇ ಕರೆ ಮಾಡುವ ಕಾರು ಜೀವ ಉಳಿಸಬಲ್ಲದು. ಬಸ್ಸು, ಟ್ಯಾಕ್ಸಿಗಳಲ್ಲಿ ತುರ್ತು ಗುಂಡಿ ಇರುವುದು ಹೆಣ್ಣುಮಕ್ಕಳಿಗೆ ಧೈರ್ಯ. ಆ ಕೆಲಸಕ್ಕೆ ಬೇಕಾದಷ್ಟು ಮಾಹಿತಿ, ಬೇಕಾದಷ್ಟೇ ಹೊತ್ತು ಇರಲಿ. ಅದರಾಚೆಯದು ಓಡಿಸಿದವರ ಸ್ವತ್ತು. ಅವರು ಕೇಳಿದರೆ ಕೊಡಬೇಕು, ಅಳಿಸು ಎಂದರೆ ಅಳಿಸಬೇಕು, ಹೇಳದೆ ಮಾರಬಾರದು.

ಆದ್ದರಿಂದ ನಿಮಗೊಂದು ಮನೆಗೆಲಸ ಕೊಡುತ್ತಿದ್ದೇನೆ. ಹೊಸ ಕಾರು ಕೊಳ್ಳಲು ಹೋದಾಗ ಮೈಲೇಜು ಕೇಳಿದ ಮೇಲೆ ಈ ನಾಲ್ಕನ್ನೂ ಕೇಳಿ: ಈ ಕಾರು ನನ್ನ ಬಗ್ಗೆ ಏನೇನು ಬರೆದಿಟ್ಟುಕೊಳ್ಳುತ್ತದೆ? ಎಷ್ಟು ಕಾಲ? ಯಾರಿಗೆ ಕೊಡುತ್ತೀರಿ? ನಿಲ್ಲಿಸುವುದು ಹೇಗೆ? ಉತ್ತರವನ್ನು ಬರಹದಲ್ಲಿ, ಕನ್ನಡದಲ್ಲಿ ಕೇಳಿ. ಈಗಾಗಲೇ ಕಾರಿದ್ದವರು ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು ಬೇಡದ್ದನ್ನು ಆರಿಸಿ. ಹಳೆಯ ಕಾರು ಮಾರುವವರು ಮೊದಲು ಅದರೊಳಗಿನ ನಿಮ್ಮ ಫೋನ್ ನಂಬರುಗಳನ್ನೂ ಮನೆಯ ವಿಳಾಸವನ್ನೂ ಅಳಿಸಿ, ಆ್ಯಪ್ ಖಾತೆಯನ್ನು ಬೇರ್ಪಡಿಸಿ. ಮಗನೋ ಗಂಡನೋ ಆಗಿ ಇನ್ನೊಬ್ಬರ ಓಡಾಟ ನೋಡುತ್ತಿರುವವರು ಇವತ್ತೇ ಅವರನ್ನು ಕೂರಿಸಿಕೊಂಡು ಹೇಳಿ. ಅವರು ಬೇಡ ಎಂದರೆ ನಿಲ್ಲಿಸಿ.

ಷೋರೂಮಿನವರು "ಯಾರೂ ಇದನ್ನೆಲ್ಲ ಕೇಳುವುದಿಲ್ಲ ಸಾರ್" ಎನ್ನಬಹುದು. ತರಗತಿಯಲ್ಲಿ ಮೊದಲು ಕೈಯೆತ್ತಿದವನನ್ನು ಕಂಡು ಉಳಿದವರು ನಗುತ್ತಿದ್ದುದು ನಿಮಗೆ ನೆನಪಿರಬೇಕು. ಆದರೂ ಕೈಯೆತ್ತಿ.