ಓದುವ ನಾಲಿಗೆಗೂ ಮಡಿಯೇ?

ತೆಲಂಗಾಣದ ಗಡಿಗೆ ಅಂಟಿಕೊಂಡ ಈ ಕುಂಚಾವರಂ ಸೀಮೆಯಲ್ಲಿ ನಮಗೆ ಮನೆಯಲ್ಲಿ ತೆಲುಗು, ಸಾಲಿಯಲ್ಲಿ ಕನ್ನಡ. ತಾಂಡಾದವರಿಗೆ ಲಂಬಾಣಿ. ನಮ್ಮದು ಕೂಲಿ ಮಾಡುತ್ತ ಕಲಿತ ನಾಲಿಗೆ. ಈ ನಾಲಿಗೆ ದೇವರ ವಾಕ್ಯ ಓದಬಾರದಂತೆ!

ಈ ಸೀಮೆಯ ಒಂದು ಚರ್ಚಿನಲ್ಲಿ ನಮ್ಮ ಕಣ್ಣೆದುರೇ ನಡೆದದ್ದು. ಭಾನುವಾರದ ಆರಾಧನೆ. ತೊಗರಿ ಕೊಯ್ಯುವ ತಾಯಿಯೊಬ್ಬಳು ಸತ್ಯವೇದ ಓದಲು ಎದ್ದಳು. 'ಹ'ಕಾರ ಹಾರಿತು. ಎರಡು ಕಡೆ ತಡವರಿಸಿದಳು. ಮುಂದಿನ ಸಾಲಿನ ಹಿರಿಯರು, "ಯವ್ವಾ, ನೀ ಕುಂದ್ರು. ಉಚ್ಚಾರ ಸರಿ ಇಲ್ಲ" ಅಂದರು. ಬಿ.ಎ. ಆದ ನಮ್ಮವನೊಬ್ಬನಿಗೆ ಓದಲು ಹೇಳಿದರು. ಅವನು ಓದಿಯೂ ಬಿಟ್ಟ. ನಾವು ಸುಮ್ಮನೆ ಕುಂತೆವು. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇವೆ.

ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕು, ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು ಎಂದು ವಿಧಿಸಿದ್ದು ಗೌತಮ ಧರ್ಮಸೂತ್ರ. ಅದನ್ನು ಬಿಟ್ಟೇ ನಮ್ಮ ಮುತ್ಯಾಗಳು ಶಿಲುಬೆಯ ಕಡೆ ನಡೆದದ್ದು. ಬಿಟ್ಟದ್ದು ಬೆನ್ನು ಹತ್ತಿ ಬಂದು ಮುಂದಿನ ಸಾಲಿನಲ್ಲಿ ಕುಂತಿದೆಯಲ್ಲ!

ಹಿರಿಯರೇ, ಲೂಕನ 4ನೇ ಅಧ್ಯಾಯ ತೆಗೆಯಿರಿ. ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಯೆಶಾಯನ ಸುರುಳಿ ಓದಿದವನು ಯಾರು? ಪುರೋಹಿತನೇ? ಅಲ್ಲ, ಬಡಗಿಯ ಮಗ. ಗಲಿಲಾಯದಲ್ಲಿ ಬೆಳೆದವನು. ಆ ಗಲಿಲಾಯದವರ ಮಾತಿನ ಧಾಟಿಯೇ ಬೇರೆ. ಯೆರೂಸಲೇಮಿನವರು ಪೇತ್ರನನ್ನು ಅವನ ಮಾತಿನಿಂದಲೇ ಹಿಡಿದರು. ಗಲಿಲಾಯದ ನಾಲಿಗೆ ನಡೆಯುತ್ತದೆ, ಕುಂಚಾವರಂ ನಾಲಿಗೆ ನಡೆಯಂಗಿಲ್ಲೇನು?

ಬೀದರ್-ಕಲಬುರಗಿ ಸೀಮೆಯಲ್ಲಿ ಬೇರೂರಿದ ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ, 18ನೇ ಶತಮಾನದಲ್ಲೇ ದೀಕ್ಷೆಯಿಲ್ಲದ ಸಾಮಾನ್ಯರನ್ನು ಬೋಧಿಸಲು ಕಳಿಸಿದ. ವಾಚಕನ ಅಧಿಕೃತ ಸೇವೆ ಗಂಡಸರಿಗಷ್ಟೇ ಎಂದು 1972ರಲ್ಲಿ ಬರೆದ ರೋಮ್ ಕೂಡ 2021ರಲ್ಲಿ ಅದನ್ನು ಹೆಣ್ಣುಮಕ್ಕಳಿಗೆ ತೆರೆಯಿತು. ರೋಮ್ ತೆರೆದ ಬಾಗಿಲಿಗೆ ನಮ್ಮೂರಲ್ಲಿ ಚಿಲಕವೇ?

ಓದಿದ್ದು ಸಭೆಗೆ ತಿಳಿಯಬೇಕು — ಒಪ್ಪಿದೆವು. ಹಾಗಾದರೆ ಕಲಿಸಿರಿ. ಶನಿವಾರ ಸಂಜೆ ಕೂಡಿ ಆ ವಾಕ್ಯವನ್ನು ನಾಲ್ಕು ಸಲ ಓದಿಸಿರಿ. ಅಕ್ಷರ ಬಾರದವರಿಗೆ ಬಾಯಿಪಾಠ ಮಾಡಿಸಿರಿ. ಪಾಳಿ ಹಚ್ಚಿರಿ; ಕೂಲಿಯವರು, ಹೆಣ್ಣುಮಕ್ಕಳು, ತಾಂಡಾದವರು ಮೊದಲು.

ಡಿಗ್ರಿ ಪಡೆದ ಗೆಳೆಯರೇ, ಕಲಿಸುವ ಕೆಲಸ ನಮ್ಮದು. ಅವರ ಪಾಳಿ ಕಸಿಯುವುದಲ್ಲ. ಮುಂದಿನ ಸಲ ಅವಳನ್ನು ಕೂಡಿಸಿ ನಮ್ಮನ್ನು ಕರೆದರೆ ಹೇಳೋಣ: "ನಾವು ಓದಂಗಿಲ್ಲ. ಯವ್ವಾ, ಏಳು. ನೀನೇ ಓದು."